ತಿರುವಿನಲ್ಲಿ ಮಾತು ಕೇಳದ ಸ್ನೋಮೊಬೈಲ್: ಸಸ್ಪೆನ್ಷನ್ ದೋಷ ಹುಡುಕುವುದು, ಬಿಚ್ಚಿ ಕಟ್ಟುವುದು

ಹಿಮದ ಮೇಲೆ ಓಡುವ ಸ್ನೋಮೊಬೈಲಿನ ಹ್ಯಾಂಡಲ್ ತಿರುಗಿಸಿದರೂ ಗಾಡಿ ನೇರಕ್ಕೇ ಹೋಗುತ್ತದೆ. ಇಲ್ಲವೇ ನೇರ ದಾರಿಯಲ್ಲಿ ತಾನಾಗಿಯೇ ಅತ್ತಿತ್ತ ಎಳೆಯುತ್ತದೆ. ಇಂಥ ದೂರು ಬಂದಾಗ ಎಲ್ಲರೂ ಮೊದಲು ಬೈಯುವುದು ಶಾಕನ್ನು, ಅಂದರೆ ಉಬ್ಬುತಗ್ಗಿನ ಪೆಟ್ಟು ನುಂಗುವ ಶಾಕ್ ಅಬ್ಸಾರ್ಬರನ್ನು. ಶಾಕ್ ಕಣ್ಣಿಗೆ ಕಾಣುತ್ತದೆ, ದುಬಾರಿ ಬೆಲೆಗೆ ಹೊಸದು ಸಿಗುತ್ತದೆ, ಬದಲಿಸಿದರೆ ಏನೋ ಮಾಡಿದ ಸಮಾಧಾನವೂ ಇರುತ್ತದೆ. ತಪ್ಪು ಮಾತ್ರ ಹೆಚ್ಚಾಗಿ ಸ್ಕೀ ತಳದಲ್ಲಿ ಹಿಮ ಕಚ್ಚುವ, ಸವೆದ ಕಾರ್ಬೈಡ್ ಪಟ್ಟಿಯಲ್ಲೋ, ಕೀಲಿನೊಳಗೆ ಕೂತು ಪ್ಲೇ (ಸಡಿಲ ಅಲುಗಾಟ) ಬಂದ ಕೊಳವೆಯಂಥ ಬುಷ್‌ನಲ್ಲೋ, ಸವಾರನ ತೂಕಕ್ಕೆ ಹೊಂದದ ಸ್ಪ್ರಿಂಗ್‌ನಲ್ಲೋ ಇರುತ್ತದೆ. ಸವೆದ ಭಾಗವನ್ನು ಹಾಗೇ ಬಿಟ್ಟು ಸ್ಪ್ರಿಂಗ್ ಬಿಗಿ ಮಾಡುತ್ತ ಹೋದರೆ ಒಂದು ದೋಷದ ಮೇಲೆ ಇನ್ನೊಂದು ಕೂರುತ್ತದೆ, ಆಮೇಲೆ ಯಾವುದು ಮೂಲ ಎಂದು ಗೊತ್ತೇ ಆಗುವುದಿಲ್ಲ.

ಇಲ್ಲಿ ಹೇಳಿರುವುದು ಅಮೆರಿಕದ ಮಿನ್ನೆಸೋಟ, ಕೆನಡಾದ ಒಂಟಾರಿಯೊ, ಕ್ವಿಬೆಕ್ ಕಡೆ ಸಾಮಾನ್ಯವಾಗಿ ಕಾಣುವ, ಹಿಮದ ದಾರಿಗಳಲ್ಲಿ ಓಡುವ ಟ್ರೈಲ್ ಗಾಡಿಗಳಿಗೆ: ಮುಂದೆ A ಆಕಾರದ ತೋಳುಗಳಾದ ಎ-ಆರ್ಮ್‌ಗಳ ಮೇಲೆ ಎರಡು ಸ್ಕೀ, ಹಿಂದೆ 129ರಿಂದ 137 ಇಂಚಿನ ಟ್ರ್ಯಾಕ್ (ಗಾಡಿಯನ್ನು ನೂಕುವ ರಬ್ಬರ್ ಪಟ್ಟಿ), ಅದರೊಳಗೆ ಸ್ಕಿಡ್, ಅಂದರೆ ಟ್ರ್ಯಾಕ್ ಜಾರುವ ರೈಲುಗಳು, ತೋಳುಗಳು ಸೇರಿದ ಚೌಕಟ್ಟು. 155 ಇಂಚಿಗೂ ಉದ್ದದ ಬೆಟ್ಟದ ಗಾಡಿಗಳಿಗೆ ತತ್ವ ಒಂದೇ, ಅಳತೆ ಬೇರೆ.

ಭಾರ ಎಲ್ಲಿ ಕೂರುತ್ತದೆ

ಇಂಥ ಗಾಡಿಯಲ್ಲಿ ಒಟ್ಟು ನಾಲ್ಕು ಶಾಕ್. ಸ್ಕೀಗಳಿಗೆ ಒಂದೊಂದು; ಸ್ಕಿಡ್‌ನ ಮುಂದಿನ ತೋಳಿಗೆ ಒಂದು, ಹಿಂದಿನ ತೋಳಿಗೆ ಒಂದು. ಸ್ಕಿಡ್‌ನ ಮುಂದಿನ ತೋಳಿನದನ್ನು ನಡು ಶಾಕ್ ಎನ್ನೋಣ. ನೀರೆತ್ತುವ ಏತಕ್ಕೆ ಕವೆಗಂಬ ಹೇಗೋ ಈ ಗಾಡಿಗೆ ನಡು ಶಾಕ್ ಹಾಗೆ. ಅದರ ಸ್ಪ್ರಿಂಗ್ ಬಿಗಿಯಾದರೆ ಮೂತಿ ಮೇಲೇಳುತ್ತದೆ, ಸ್ಕೀ ಹಗುರವಾಗುತ್ತದೆ. ಸಡಿಲವಾದರೆ ಭಾರ ಸ್ಕೀಗಳ ಮೇಲೆ ಕೂರುತ್ತದೆ. ಹಿಂದಿನ ಸ್ಪ್ರಿಂಗ್ ಬಿಗಿ ಮಾಡಿದರೆ ಹಿಂಭಾಗ ಎತ್ತರಗೊಂಡು ಮತ್ತೆ ಭಾರ ಮುಂದಕ್ಕೇ ಬರುತ್ತದೆ. ಲಿಮಿಟರ್ ಪಟ್ಟಿ ಎಂದರೆ ಮುಂದಿನ ತೋಳು ಎಷ್ಟು ಕೆಳಕ್ಕೆ ಚಾಚಬಹುದು ಎಂದು ತಡೆಯುವ ದಪ್ಪ ಬೆಲ್ಟು. ಅದನ್ನು ಗಿಡ್ಡ ಮಾಡಿದರೆ ಸ್ಕೀ ಒತ್ತಡ ಹೆಚ್ಚು, ಉದ್ದ ಮಾಡಿದರೆ ಕಡಿಮೆ. ಈ ನಾಲ್ಕು ಮಾತು ನೆನಪಿದ್ದರೆ ಮುಂದಿನದೆಲ್ಲ ಲೆಕ್ಕ ಮಾಡಿದ ಹಾಗೆ ಬರುತ್ತದೆ.

ಮೊದಲು ಕೇಳಬೇಕಾದ್ದು

ದೋಷ ಯಾವಾಗಿನಿಂದ? ಹೋದ ಚಳಿಗಾಲದಲ್ಲಿ ಚೆನ್ನಾಗಿದ್ದ ಗಾಡಿ ಈ ಸಲ ಕೆಟ್ಟಿದ್ದರೆ ಸೆಟ್ಟಿಂಗ್ ಮುಟ್ಟಬೇಡಿ, ಏನೋ ಸವೆದಿದೆ ಅಥವಾ ಮುರಿದಿದೆ. ಕೊಂಡ ದಿನದಿಂದಲೂ ಹೀಗೇ ಇದ್ದರೆ ಸೆಟ್ಟಿಂಗ್ ನಿಮ್ಮ ತೂಕಕ್ಕೆ ಹೊಂದಿಲ್ಲ. ಹಿಂದೆ ಒಬ್ಬರನ್ನು ಕೂರಿಸಿಕೊಂಡಾಗ ಮಾತ್ರ ಬಂದರೆ ಅದು ಭಾರದ ವಿಷಯ. ಗುಲ್ಮಾರ್ಗ್‌ನಲ್ಲಿ ಪ್ರವಾಸಿಗರನ್ನು ಹೊತ್ತು ಓಡುವ ಬಾಡಿಗೆ ಗಾಡಿಗಳು ಮೂತಿ ಎತ್ತಿಕೊಂಡು ತಿರುವಿನಲ್ಲಿ ಜಾರುವುದು ಇದಕ್ಕೇ. ಬೆಳಿಗ್ಗೆ ಸರಿ, ಮಧ್ಯಾಹ್ನ ಕೆಟ್ಟಿತು ಎಂದರೆ ಮಾತ್ರ ಶಾಕಿನ ಮೇಲೆ ಅನುಮಾನ ಪಡಿ.

ಪ್ಲೇ ಹುಡುಕುವುದು

ಮುಂಭಾಗವನ್ನು ಎತ್ತಿ ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಒಬ್ಬರು ಹ್ಯಾಂಡಲ್ ಅಲ್ಲಾಡದಂತೆ ಹಿಡಿಯಲಿ, ಇನ್ನೊಬ್ಬರು ಸ್ಕೀ ತುದಿ ಹಿಡಿದು ಎಡಬಲಕ್ಕೆ ಅಲುಗಿಸಲಿ. ಟಕ್ ಎಂಬ ಸದ್ದು ಬಂದರೆ ಅದು ಎಲ್ಲಿಂದ ಎಂದು ಬೆರಳಿಟ್ಟು ನೋಡಿ: ಟೈ ರಾಡ್ (ಸ್ಟೀರಿಂಗನ್ನು ಸ್ಕೀಗೆ ಜೋಡಿಸುವ ಸರಳು) ತುದಿ, ಬಾಲ್ ಜಾಯಿಂಟ್, ಸ್ಪಿಂಡಲ್ (ಸ್ಕೀ ಕೂರುವ ಕಂಬ) ಬುಷ್, ಎ-ಆರ್ಮ್ ಚಾಸಿಗೆ ಕೂರುವ ಪ್ಲಾಸ್ಟಿಕ್ ಬುಷ್, ಸ್ಟೀರಿಂಗ್ ಕಂಬದ ಕೆಳಗಿನ ಬುಷ್. ಒಂದೊಂದರಲ್ಲಿ ಅರ್ಧ ಮಿಲಿಮೀಟರ್ ಇದ್ದರೂ ಸ್ಕೀ ತುದಿಗೆ ಬರುವಷ್ಟರಲ್ಲಿ ಬೆರಳಗಲವಾಗುತ್ತದೆ. ಎ-ಆರ್ಮ್ ಬುಷ್ ಬದಲಿಸುವಾಗ ಒಳಗಿನ ಉಕ್ಕಿನ ಕೊಳವೆಯನ್ನೂ ನೋಡಿ. ಅದು ತುಕ್ಕು ಹಿಡಿದು ಒರಟಾಗಿದ್ದರೆ ಹೊಸ ಬುಷ್ ಒಂದೇ ಸೀಸನ್ನಿಗೆ ಹಾಳಾಗುತ್ತದೆ.

ಆಮೇಲೆ ಕಾರ್ಬೈಡ್. ಸ್ಕೀ ತಳದ ಉಕ್ಕಿನ ಸರಳು ಮೂಲ ದಪ್ಪದ ಅರ್ಧಕ್ಕೆ ಇಳಿದಿದ್ದರೆ ಬದಲಿಸಿ. ಸರಳು ದಪ್ಪವಿದ್ದೂ ಕಾರ್ಬೈಡ್‌ನ ಅಂಚು ದುಂಡಗಾಗಿದ್ದರೆ ಕೆಲಸಕ್ಕೆ ಬಾರದು, ಉಗುರಿನ ಮೇಲೆ ಎಳೆದರೆ ಕೆರೆಯಬೇಕು. ಸರಳಿನ ಉದ್ದಕ್ಕೂ ನೇರ ಪಟ್ಟಿ ಇಟ್ಟು ಬಾಗಿದೆಯೇ ನೋಡಿ. ನೆಲಕ್ಕೆ ಮೊದಲು ಮುಟ್ಟುವುದು ಸ್ಪಿಂಡಲ್‌ನ ನೇರ ಕೆಳಗಿರುವ ಸರಳಿನ ಭಾಗವಾಗಿರಬೇಕು. ಮೂತಿಯ ಕಡೆ ಮೊದಲು ಮುಟ್ಟಿದರೆ ಸ್ಕೀ ದಾರಿಯಲ್ಲಿನ ಪ್ರತಿ ಗೆರೆಯನ್ನೂ ಹಿಡಿದು ಓಡುತ್ತದೆ. ಸ್ಕೀಗೂ ಸ್ಪಿಂಡಲ್‌ಗೂ ನಡುವಿನ ರಬ್ಬರ್ ಸೀಳಿದ್ದರೂ ಇದೇ ಫಲ. ಸ್ಕೀ ಬೋಲ್ಟನ್ನು ಅತಿ ಬಿಗಿದವರೂ ಉಂಟು. ಸ್ಕೀ ಕೈಯಲ್ಲಿ ಮೇಲೆ ಕೆಳಗೆ ತೂಗಬೇಕು.

ಇದೆಲ್ಲ ಸರಿಯಾದ ಮೇಲೇ ಸ್ಕೀಗಳ ಜೋಡಣೆ ಅಳೆಯಿರಿ, ಪ್ಲೇ ಇಟ್ಟುಕೊಂಡು ಅಳೆದ ಅಳತೆಗೆ ಅರ್ಥವಿಲ್ಲ. ಗಾಡಿ ತನ್ನ ಭಾರದಲ್ಲಿ ನೆಲದ ಮೇಲಿರಲಿ, ಹ್ಯಾಂಡಲ್ ನೇರ. ಎರಡೂ ಸ್ಕೀ ತುದಿಗಳನ್ನು ಎಲಾಸ್ಟಿಕ್ ಹುರಿಯಿಂದ ಒಳಕ್ಕೆ ಎಳೆದು ಕಟ್ಟಿ, ಉಳಿದ ಸಡಿಲವೆಲ್ಲ ಒಂದೇ ಕಡೆ ಸೇರುತ್ತದೆ. ಸ್ಪಿಂಡಲ್‌ನಿಂದ 250 ಮಿ.ಮೀ. ಮುಂದೆ ಮತ್ತು ಅಷ್ಟೇ ಹಿಂದೆ, ಕಾರ್ಬೈಡ್ ಸರಳಿನಿಂದ ಸರಳಿಗೆ ಅಳತೆ ತೆಗೆಯಿರಿ. ಮುಂದಿನ ಅಳತೆ ಹಿಂದಿನದಕ್ಕಿಂತ 3ರಿಂದ 6 ಮಿ.ಮೀ. ಹೆಚ್ಚಿರಬೇಕು. ಸ್ಕೀಗಳು ಒಳಮುಖವಾಗಿದ್ದರೆ ಎರಡೂ ಸರದಿಯಲ್ಲಿ ಹಿಮ ಕಚ್ಚುತ್ತವೆ, ಗಾಡಿ ಹಾವಿನಂತೆ ಹರಿದಾಡುತ್ತದೆ. ಎರಡು ಸ್ಕೀಗೂ ಟ್ರ್ಯಾಕಿಗೂ ನಡುವಿನ ದೂರ ಸಮ ಇದೆಯೇ ಎಂದೂ ನೋಡಿ, ಇಲ್ಲದಿದ್ದರೆ ನೇರ ಹೋಗಲು ಹ್ಯಾಂಡಲ್ ಓರೆ ಹಿಡಿಯಬೇಕಾಗುತ್ತದೆ.

ಜೋಡಣೆ ಸರಿಯಿದ್ದೂ ಎಳೆದಾಟ ನಿಲ್ಲದಿದ್ದರೆ ಎರಡು ಕಾರಣ ಉಳಿಯುತ್ತವೆ. ಸ್ಕೀ ಮೇಲೆ ಒತ್ತಡ ಅತಿಯಾಗಿದೆ. ಸ್ಕೀ ಸ್ಪ್ರಿಂಗ್ ಸ್ವಲ್ಪ ಸಡಿಲಿಸಿ ಅಥವಾ ನಡು ಸ್ಪ್ರಿಂಗ್ ಸ್ವಲ್ಪ ಬಿಗಿಯಿರಿ. ಅಥವಾ ನಿಮ್ಮ ಸ್ಕೀ ಬೇರೆ ಗಾಡಿಗಳು ಕೊರೆದ ಗೆರೆಗಳೊಳಗೆ ಬೀಳುತ್ತಿದೆ. ಅದಕ್ಕೆ ಒಂದರ ಪಕ್ಕ ಒಂದು ಎರಡು ಸರಳಿರುವ ಜೋಡಿ ಕಾರ್ಬೈಡ್ ಹಾಕುವುದು ಶಾಕ್ ಬದಲಿಸುವುದಕ್ಕಿಂತ ಅಗ್ಗ, ಫಲವೂ ಹೆಚ್ಚು.

ಸ್ಕಿಡ್ ಹೊರಗೆ

ಟ್ರ್ಯಾಕ್ ಬಿಗಿ ಸಡಿಲಿಸಿ, ಚಾಸಿಯ ಎರಡೂ ಬದಿಗಳಿಂದ ಎರಡೆರಡು, ಒಟ್ಟು ನಾಲ್ಕು ಬೋಲ್ಟ್ ತೆಗೆದರೆ ಸ್ಕಿಡ್ ಕಳಚುತ್ತದೆ. ಗಾಡಿಯನ್ನು ರಟ್ಟಿನ ಮೇಲೆ ಪಕ್ಕಕ್ಕೆ ಮಲಗಿಸಿ ಹೊರಗೆಳೆಯುವುದು ಸುಲಭ. ಮೊದಲು ಪೆಟ್ರೋಲ್ ಟ್ಯಾಂಕ್ ಖಾಲಿ ಮಾಡಿ. ತಿರುಚಿ ಬಲ ಕೊಡುವ ಟಾರ್ಶನ್ ಸ್ಪ್ರಿಂಗ್ ಇರುವ ಸ್ಕಿಡ್‌ನಲ್ಲಿ ಸ್ಪ್ರಿಂಗ್‌ನ ಉದ್ದ ಕಾಲನ್ನು ಅದರ ಆಸರೆಯಿಂದ ಮೊದಲೇ ಇಳಿಸಿ. ಬರಿಗೈ ಬೇಡ, ಸ್ಪ್ರಿಂಗ್ ಹಾಕುವ ಉಪಕರಣ ಬಳಸಿ. ತಪ್ಪಿ ಹಾರಿದರೆ ಬೆರಳು ಮುರಿಯುತ್ತದೆ.

ಹೊರಗೆ ಬಂದ ಸ್ಕಿಡ್‌ನಲ್ಲಿ ನೋಡಬೇಕಾದ್ದು ಇಷ್ಟು. ರೈಲುಗಳಲ್ಲಿ ಬಿರುಕು, ಅದರಲ್ಲೂ ಮುಂದಿನ ತೋಳು ಕೂರುವ ತೂತಿನ ಸುತ್ತ ಮತ್ತು ಮೂತಿ ಬಾಗುವ ಕಡೆ. ಅಡ್ಡ ಶಾಫ್ಟ್‌ಗಳಲ್ಲಿ ತುಕ್ಕು. ಗ್ರೀಸ್ ನಿಪ್ಪಲ್‌ಗೆ ಗನ್ ಹಿಡಿದಾಗ ಹಳೆ ಗ್ರೀಸ್ ಎರಡೂ ತುದಿಯಿಂದ ಹೊರಬರಬೇಕು. ಒಂದೇ ಕಡೆ ಬಂದರೆ ಇನ್ನೊಂದು ಕಡೆ ದಾರಿ ಕಟ್ಟಿದೆ, ಶಾಫ್ಟ್ ಹೊಡೆದು ತೆಗೆದು ಶುಚಿ ಮಾಡಿ. ನಡು ಶಾಕಿನ ಕೆಳಗಿನ ಬುಷ್ ಹಿಮದ ಹೊಡೆತಕ್ಕೆ ಸಿಗುವ ಜಾಗ, ಜಾಮ್ ಆಗುವುದೂ ಅದೇ ಮೊದಲು. ಅದು ಜಾಮ್ ಆದರೆ ಶಾಕಿನ ದಂಡ ಬಾಗುತ್ತದೆ, ಸೀಲು ಸೋರುತ್ತದೆ. ಸೋರಿದ ಸೀಲನ್ನು ಮಾತ್ರ ಬದಲಿಸಿ ಬುಷ್ ಬಿಟ್ಟವರು ಎರಡು ತಿಂಗಳಲ್ಲಿ ಅದೇ ಕೆಲಸ ಮತ್ತೆ ಮಾಡುತ್ತಾರೆ. ಗಾಲಿಗಳನ್ನು ಕೈಯಲ್ಲಿ ತಿರುಗಿಸಿ, ಗರಗರ ಎಂದರೆ ಬೇರಿಂಗ್ ಬದಲಿಸಿ. ನಂಬರ್ ಅದರ ರಬ್ಬರ್ ಸೀಲಿನ ಮೇಲೆಯೇ ಇರುತ್ತದೆ, ಹಲವು ಗಾಡಿಗಳಲ್ಲಿ 6205 ಅಥವಾ 6004, ಎರಡೂ ಕಡೆ ಸೀಲ್ ಇರುವ 2ಆರ್‌ಎಸ್ ಮಾದರಿ. ಯಾವುದೇ ಬೇರಿಂಗ್ ಅಂಗಡಿಯಲ್ಲಿ ಸಿಗುತ್ತದೆ, ಕಂಪನಿ ಡಬ್ಬಿಗೆ ಹೆಚ್ಚಿನ ದುಡ್ಡು ಕೊಡಬೇಕಿಲ್ಲ.

ರೈಲಿನ ಕೆಳಗಿನ ಪ್ಲಾಸ್ಟಿಕ್ ಪಟ್ಟಿ, ಹೈಫ್ಯಾಕ್ಸ್ ಎನ್ನುವರು, ಅದರ ಬದಿಯ ಸವೆತದ ಗೆರೆ ತಲುಪಿದ್ದರೆ ಬದಲಿಸಿ. ಸಡಿಲ ಹಿಮವಿಲ್ಲದ ಗಟ್ಟಿ ಮಂಜುಗಡ್ಡೆಯ ಮೇಲೆ ಓಡಿಸಿದರೆ ತಂಪು ಸಿಗದೆ ಇದು ಕರಗಿ ಟ್ರ್ಯಾಕಿನ ಲೋಹದ ಕ್ಲಿಪ್‌ಗೆ ಅಂಟುತ್ತದೆ. ಅಂಥ ದಾರಿಗೆ ರೈಲಿಗೆ ಮಂಜು ಕೆರೆದು ಎರಚುವ ಸ್ಕ್ರ್ಯಾಚರ್ ಹಾಕಿಸಿ.

ತಿರುಗಿ ಕೂರಿಸಿದ ಮೇಲೆ ಟ್ರ್ಯಾಕ್ ಬಿಗಿ. ಗಾಡಿಯ ಹಿಂಭಾಗ ಎತ್ತಿ, ಟ್ರ್ಯಾಕಿನ ಕೆಳಭಾಗದ ನಡುವೆ ಭಾರ ತೂಗಿಸಿ, ಹೈಫ್ಯಾಕ್ಸ್‌ಗೂ ಕ್ಲಿಪ್‌ಗೂ ನಡುವಿನ ಅಂತರ ಅಳೆಯುವುದು ಪದ್ಧತಿ. ತೂಗಿಸುವ ಭಾರ ಕಂಪನಿಗೊಂದು ತರ: ಪೊಲಾರಿಸ್‌ನ ಹಲವು ಮಾದರಿಗಳಿಗೆ 10 ಪೌಂಡ್, ಅಂದರೆ 4.5 ಕೆ.ಜಿ.; ಸ್ಕೀ-ಡೂಗೆ 7.3 ಕೆ.ಜಿ. ಒಂದರ ಭಾರ ತೂಗಿಸಿ ಇನ್ನೊಂದರ ಅಂತರ ನೋಡಿದರೆ ಎಡವಟ್ಟು. ಸಡಿಲವಾದರೆ ಡ್ರೈವ್ ಗಾಲಿಯ ಹಲ್ಲು ಟ್ರ್ಯಾಕಿನ ಮೇಲೆ ಜಿಗಿಯುತ್ತದೆ, ಬ್ರೇಕ್ ಹಾಕಿದಾಗ ದಡದಡ ಎನ್ನುತ್ತದೆ. ಬಿಗಿಯಾದರೆ ಹೈಫ್ಯಾಕ್ಸ್ ಬೇಗ ಸವೆಯುತ್ತದೆ, ವೇಗ ಕುಸಿಯುತ್ತದೆ. ಆಮೇಲೆ ಎಂಜಿನ್ ಹಾಕಿ ಟ್ರ್ಯಾಕನ್ನು ನಿಧಾನ ತಿರುಗಿಸಿ, ರೈಲಿನ ಎರಡೂ ಬದಿ ಅಂತರ ಸಮ ಬರುವ ತನಕ ಹಿಂದಿನ ಬೋಲ್ಟನ್ನು ಕಾಲು ಸುತ್ತಿನಂತೆ ತಿರುಗಿಸಿ. ಟ್ರ್ಯಾಕ್ ತಿರುಗುವಾಗ ಗಾಡಿಯ ಹಿಂದೆ ಯಾರೂ ನಿಲ್ಲಬಾರದು. ಟ್ರ್ಯಾಕಿಗೆ ಹೊಡೆದ ಲೋಹದ ಮೊಳೆ, ಅಂದರೆ ಸ್ಟಡ್, ಕಿತ್ತು ಹಾರಿದರೆ ಗುಂಡಿನ ಹಾಗೆ ಹೋಗುತ್ತದೆ.

ತೂಕಕ್ಕೆ ಸ್ಪ್ರಿಂಗ್

ಹಿಂದಿನ ಬಂಪರ್ ಎತ್ತಿ ಸಸ್ಪೆನ್ಷನ್ ಪೂರ್ತಿ ಚಾಚಿದಾಗ ನೆಲದಿಂದ ಎಷ್ಟು ಎತ್ತರ ಎಂದು ಬರೆದುಕೊಳ್ಳಿ. ಸವಾರ ಜಾಕೆಟ್, ಬೂಟು, ಹೆಲ್ಮೆಟ್ ಸಮೇತ ಕೂತು, ಎರಡು ಸಲ ಕುಲುಕಿ ಸುಮ್ಮನಾದ ಮೇಲೆ ಮತ್ತೆ ಅಳೆಯಿರಿ. ಹೆಚ್ಚಿನ ಟ್ರೈಲ್ ಗಾಡಿಗಳಲ್ಲಿ ವ್ಯತ್ಯಾಸ, ಅಂದರೆ ಕುಸಿತ, 3ರಿಂದ 4 ಇಂಚು ಇದ್ದರೆ ಸರಿ. ನಿಮ್ಮ ಮಾದರಿಯ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ. ಹಿಂದಿನ ಸ್ಪ್ರಿಂಗ್ ಬಿಗಿ ಬದಲಿಸುವ ಕ್ಯಾಮ್ ಅತಿ ಗಟ್ಟಿ ಸ್ಥಾನದಲ್ಲಿದ್ದೂ 5 ಇಂಚು ಕುಸಿದರೆ ಸ್ಪ್ರಿಂಗ್ ಮೆದು, ಗಟ್ಟಿಯದು ಬೇಕು. ಅತಿ ಮೆದು ಸ್ಥಾನದಲ್ಲೂ 2 ಇಂಚು ದಾಟದಿದ್ದರೆ ಸ್ಪ್ರಿಂಗ್ ಗಟ್ಟಿಯಾಯಿತು. ಟಾರ್ಶನ್ ಸ್ಪ್ರಿಂಗ್ ಒಂದು ಮುರಿದರೂ ಜೋಡಿಯಾಗಿ ಬದಲಿಸಿ, ಎಡಬಲದ ಸುತ್ತು ಬೇರೆ ಎಂಬುದು ನೆನಪಿರಲಿ.

ಲಕ್ಷಣ ಹಿಡಿದು ಹೋಗುವುದು

ಒಂದು ಸಲಕ್ಕೆ ಒಂದೇ ಬದಲಾವಣೆ, ಅದೇ ದಾರಿಯಲ್ಲಿ ಅದೇ ವೇಗದಲ್ಲಿ ಓಡಿಸಿ ನೋಡಿ. ಏನು ಮಾಡಿದಿರಿ ಎಂದು ಬರೆದಿಡಿ.

ತಿರುವಿನಲ್ಲಿ ಮುಂದಕ್ಕೆ ಜಾರಿದರೆ: ಕಾರ್ಬೈಡ್ ಹೊಸದಿದೆ, ಹಿಂದೆ ಕುಸಿತ ಸರಿಯಿದೆ ಎಂದು ಖಚಿತವಾದ ಮೇಲೆ ನಡು ಸ್ಪ್ರಿಂಗ್‌ನ ಬಿಗಿಯನ್ನು ಒಂದೆರಡು ಸುತ್ತು ಸಡಿಲಿಸಿ. ಸಾಲದಿದ್ದರೆ ಲಿಮಿಟರ್ ಪಟ್ಟಿ ಒಂದು ತೂತು ಗಿಡ್ಡ. ಎರಡು ಪಟ್ಟಿಯಿದ್ದರೆ ಎರಡೂ ಸಮ. ಲಿಮಿಟರ್ ಮುಟ್ಟಿದರೆ ಟ್ರ್ಯಾಕ್ ಬಿಗಿಯೂ ಬದಲಾಗುತ್ತದೆ, ಮತ್ತೆ ಅಳೆಯಲೇಬೇಕು. ಇದನ್ನು ಮರೆಯದವರು ಕಡಿಮೆ. ಪಟ್ಟಿ ಅತಿ ಗಿಡ್ಡವಾದರೆ ಹ್ಯಾಂಡಲ್ ಕಲ್ಲಿನಂತಾಗುತ್ತದೆ, ಆಳ ಹಿಮದಲ್ಲಿ ಮೂತಿ ಹುಗಿಯುತ್ತದೆ.

ಗಾಡಿ ತನ್ನ ನಡುವನ್ನೇ ಹಿಡಿದು ಸುತ್ತಿದಂತೆ, ಬುಗುರಿಯಂತೆ ಅನಿಸಿದರೆ ನಡು ಸ್ಪ್ರಿಂಗ್ ಅತಿ ಬಿಗಿಯಾಗಿದೆ. ಅದನ್ನು ಇಳಿಸಿ, ಸ್ಕೀ ಸ್ಪ್ರಿಂಗ್ ಸ್ವಲ್ಪ ಏರಿಸಿ.

ಒಳಬದಿಯ ಸ್ಕೀ ಏಳುತ್ತಿದ್ದರೆ ಮೊದಲು ಎರಡೂ ಬದಿಯನ್ನು ಜೋಡಿಸಿ ಓಲಾಟ ತಡೆಯುವ ಸ್ವೇ ಬಾರ್‌ನ ಕೊಂಡಿ ಕಳಚಿದೆಯೇ, ಬುಷ್ ಹೋಗಿದೆಯೇ ನೋಡಿ. ಗಾಳಿ ಶಾಕ್ ಇದ್ದರೆ ಎರಡೂ ಬದಿಯ ಒತ್ತಡ ಹೋಲಿಸಿ, 5 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ವ್ಯತ್ಯಾಸವೂ ಗೊತ್ತಾಗುತ್ತದೆ. ಆಮೇಲೆ ಹಿಂದಿನ ಕುಸಿತ, ಆಮೇಲೆ ನಡು ಸ್ಪ್ರಿಂಗ್. ತಿರುವಿನ ನಡುವೆ ಆಕ್ಸಲರೇಟರ್ ಒತ್ತಿದಾಗ ಮಾತ್ರ ಏಳುತ್ತದೆಯೇ? ಆಗ ಭಾರ ಹಿಂದಕ್ಕೆ ಹೋಗುವುದು ಹೆಚ್ಚಾಗಿದೆ. ಹಿಂದಿನ ತೋಳಿನ ಕಪ್ಲರ್ ಬ್ಲಾಕನ್ನು ಒಂದು ಸ್ಥಾನ ಏರಿಸಿ ಮುಂದಿನ ಹಿಂದಿನ ತೋಳುಗಳು ಬೇಗ ಜೊತೆಗೂಡುವಂತೆ ಮಾಡಿ.

ಹ್ಯಾಂಡಲ್ ಭಾರವಾದರೆ ತಿರುವಿನಲ್ಲಿ ಜಾರುವುದಕ್ಕೆ ಹೇಳಿದ್ದೆಲ್ಲ ಉಲ್ಟಾ, ವಿವರಿಸಬೇಕಿಲ್ಲ.

ಉಬ್ಬುಗಳ ಸಾಲಿನಲ್ಲಿ ಬರುವ ಪೆಟ್ಟಿಗೆ ಕಿವಿಗೊಡಬೇಕು. ಮೊದಲ ಉಬ್ಬು ಮೆತ್ತಗೆ, ಮೂರನೆಯದು ನಾಲ್ಕನೆಯದು ಕಲ್ಲಿನಂತೆ ಎಂದರೆ ಶಾಕ್ ಹಿಂದಿರುಗುವುದು ನಿಧಾನ. ಪೂರ್ತಿ ಚಾಚುವ ಮೊದಲೇ ಮುಂದಿನ ಉಬ್ಬು ಬರುತ್ತಿದೆ. ಹಿಂದಿರುಗುವ ವೇಗ ಹಿಡಿಯುವ ರಿಬೌಂಡ್ ತಿರುಪನ್ನು ಎರಡು ಕ್ಲಿಕ್ ತೆರೆಯಿರಿ. ಪ್ರತಿ ಉಬ್ಬಿನ ನಂತರ ಸೀಟು ಮೇಲಕ್ಕೆ ಒದ್ದರೆ ಹಿಂದಿರುಗುವುದು ಅತಿ ವೇಗ. ಕ್ಲಿಕ್ ತಿರುಗಿಸಿದರೂ ವ್ಯತ್ಯಾಸ ಕಾಣದಿದ್ದರೆ ಎಣ್ಣೆಯಲ್ಲಿ ಗಾಳಿ ಬೆರೆತಿರಬಹುದು. ಕುಸಿತ ಸರಿಯಿದ್ದೂ ತಳ ಬಡಿದರೆ ಕಂಪ್ರೆಷನ್, ಅಂದರೆ ಶಾಕ್ ಕುಗ್ಗುವಾಗಿನ ತಡೆ, ಹೆಚ್ಚಿಸಿ. 20 ನಿಮಿಷ ಚೆನ್ನಾಗಿ ಓಡಿ ಆಮೇಲೆ ಮೆತ್ತಗಾಗುವುದು ಗ್ಯಾಸ್ ಹೋದ ಅಥವಾ ಎಣ್ಣೆ ಸತ್ತ ಶಾಕಿನ ಗುರುತು. ಮೈನಸ್ 30 ಡಿಗ್ರಿಯಲ್ಲಿ ಮೊದಲ ಕೆಲವು ನಿಮಿಷ ಎಲ್ಲ ಶಾಕೂ ಗಟ್ಟಿಯೇ, ಅದು ದೋಷವಲ್ಲ.

ಶಾಕ್ ಬಿಚ್ಚುವುದು

ಬಿಚ್ಚುವ ಮುಂಚೆ ಪರೀಕ್ಷೆ. ಸ್ಪ್ರಿಂಗ್ ತೆಗೆದು ದಂಡವನ್ನು ಒಳಕ್ಕೆ ಒತ್ತಿ ಬಿಡಿ. ಒಳಗೆ ಗ್ಯಾಸ್ ಇದ್ದರೆ ದಂಡ ತಾನಾಗಿ, ಒಂದೇ ವೇಗದಲ್ಲಿ ಹೊರಬರಬೇಕು. ಬರದಿದ್ದರೆ ಗ್ಯಾಸ್ ಹೋಗಿದೆ. ಒತ್ತುವಾಗ ಆರಂಭದಲ್ಲಿ ಖಾಲಿ ಜಾಗ ಸಿಕ್ಕಿ ಆಮೇಲೆ ಬಿಗಿಯಾದರೆ ಅಥವಾ ಗುಳುಗುಳು ಎಂದರೆ ಎಣ್ಣೆಯಲ್ಲಿ ಗಾಳಿ. ಕೆಲವು ಅಗ್ಗದ ಶಾಕ್‌ಗಳ ಬಾಯಿಯನ್ನು ಒತ್ತಿ ಮುಚ್ಚಿರುತ್ತಾರೆ, ಅವು ರಿಪೇರಿಗಲ್ಲ. ತೆರೆಯಬಹುದಾದವನ್ನು ಸೀಸನ್ನಿಗೊಮ್ಮೆ, ಜೋರಾಗಿ ಓಡಿಸುವವರು 2500ರಿಂದ 3000 ಕಿ.ಮೀ.ಗೊಮ್ಮೆ ಬಿಚ್ಚಿ ಎಣ್ಣೆ ಬದಲಿಸುವುದು ಒಳ್ಳೆಯದು.

ಎಣ್ಣೆ ಮತ್ತು ಗ್ಯಾಸನ್ನು ಬೇರ್ಪಡಿಸುವ ತೇಲು ಪಿಸ್ಟನ್ ಇರುವ ಶಾಕಿಗೆ ಬೇಕಾದ್ದು: ಮೆತ್ತನೆ ದವಡೆಯ ವೈಸ್, ಆ ಮಾದರಿಯ ಸೀಲ್ ಕಿಟ್, ಕಂಪನಿ ಹೇಳಿದ ಶಾಕ್ ಎಣ್ಣೆ, ಹಿತ್ತಾಳೆಯ ಕೊಕ್ಕೆ, ಆಳ ಅಳೆಯುವ ಕ್ಯಾಲಿಪರ್, ನೈಟ್ರೋಜನ್ ಸಿಲಿಂಡರ್ ಮತ್ತು ರೆಗ್ಯುಲೇಟರ್, ಕಣ್ಣಿಗೆ ಕನ್ನಡಕ. ಎಣ್ಣೆಯ ವಿಷಯದಲ್ಲಿ ಡಬ್ಬಿಯ ಮೇಲಿನ 5 ಅಥವಾ 10 ಎಂಬ ಅಂಕಿ ನಂಬಬೇಡಿ. ಒಂದು ಕಂಪನಿಯ 5 ಇನ್ನೊಂದರ 10ರಷ್ಟು ದಪ್ಪ ಇರುವುದುಂಟು.

ಮೊದಲು ಹೊರಗೆಲ್ಲ ತೊಳೆಯಿರಿ. ಸ್ಪ್ರಿಂಗ್ ಬಿಗಿ ಎಷ್ಟಿತ್ತು ಎಂದು ಅಳೆದು, ಕ್ಲಿಕ್‌ಗಳನ್ನು ಪೂರ್ತಿ ಮುಚ್ಚಿದ ಸ್ಥಾನದಿಂದ ಎಣಿಸಿ ಬರೆದುಕೊಳ್ಳಿ. ವಾಲ್ವ್‌ನಿಂದ ಗ್ಯಾಸ್ ಪೂರ್ತಿ ಬಿಡಿ, ಮುಖ ಪಕ್ಕಕ್ಕಿರಲಿ. ಗ್ಯಾಸ್ ಇರುವಾಗ ಮುಚ್ಚಳ ತಿರುಗಿಸಿದರೆ ಅದು ಎದೆಗೆ ಬಡಿಯುತ್ತದೆ. ಸೀಲ್ ಹೆಡ್ಡನ್ನು (ದಂಡ ಹಾಯುವ ಬಾಯಿಯ ಮುಚ್ಚಳ) ಒಳಕ್ಕೊತ್ತಿ ತಂತಿ ಉಂಗುರ ತೆಗೆಯಿರಿ, ಕೆಲವು ಮಾದರಿಗಳಲ್ಲಿ ಅದು ತಿರುಪಿನದು. ದಂಡ, ಪಿಸ್ಟನ್ ಒಟ್ಟಿಗೆ ಹೊರಬರುತ್ತವೆ. ಎಣ್ಣೆಯನ್ನು ಬಿಳಿ ತಟ್ಟೆಗೆ ಸುರಿದು ನೋಡಿ: ಹಾಲಿನಂತಿದ್ದರೆ ನೀರು ಸೇರಿದೆ, ಬೂದು ಬಣ್ಣವಿದ್ದರೆ ಅಲ್ಯೂಮಿನಿಯಂ ಸವೆದಿದೆ, ಮಿಣುಕುವ ಚೂರುಗಳಿದ್ದರೆ ಒಳಗೋಡೆ ಗೀರಿದೆಯೇ ಎಂದು ಬೆಳಕು ಬಿಟ್ಟು ನೋಡಿ. ತೇಲು ಪಿಸ್ಟನ್ ತೆಗೆಯುವ ಮುನ್ನ ಅದರ ಆಳ ಅಳೆದಿಡಿ.

ದಂಡದ ಮೇಲೆ ಉಗುರು ಎಳೆಯಿರಿ. ಉಗುರು ಸಿಕ್ಕುವ ಗುಳಿ ಒಂದಿದ್ದರೂ ಹೊಸ ಸೀಲು ವ್ಯರ್ಥ, ದಂಡವೇ ಬದಲಾಗಬೇಕು. ಗಾಜಿನ ಮೇಲೆ ಉರುಳಿಸಿದರೆ ಬಾಗಿದ್ದು ತಿಳಿಯುತ್ತದೆ. ಪಿಸ್ಟನ್ ಮೇಲಿನ ತೆಳು ಶಿಮ್‌ಗಳನ್ನು ಸುಮ್ಮನೆ ಬಿಚ್ಚಬೇಡಿ. ಎಣ್ಣೆಯ ಹರಿವು ತಡೆಯುವ ಈ ಶಿಮ್ ಜೋಡಣೆಯನ್ನು, ಅಂದರೆ ವಾಲ್ವಿಂಗ್, ಬದಲಿಸಲೇಬೇಕಿದ್ದರೆ ಬಂದ ಕ್ರಮದಲ್ಲೇ ತಂತಿಗೆ ಪೋಣಿಸಿಡಿ. 0.15 ಮತ್ತು 0.20 ಮಿ.ಮೀ. ಶಿಮ್ ಕಣ್ಣಿಗೆ ಒಂದೇ, ಗಾಡಿಗೆ ಅಲ್ಲ.

ಜೋಡಿಸುವಾಗ ಎಲ್ಲ ಉಂಗುರಗಳಿಗೂ ಎಣ್ಣೆ ಸವರಿ. ತೇಲು ಪಿಸ್ಟನ್ ಮೊದಲು ಅಳೆದ ಆಳಕ್ಕಲ್ಲ, ಆ ಶಾಕಿನ ವಿವರಪಟ್ಟಿ ಹೇಳುವ ಆಳಕ್ಕೆ ಕೂರಿಸಿ. ಎರಡರ ನಡುವೆ ದೊಡ್ಡ ವ್ಯತ್ಯಾಸವಿದ್ದರೆ ಗ್ಯಾಸೋ ಎಣ್ಣೆಯೋ ಸೋರುತ್ತಿತ್ತೇ ಎಂದು ಅನುಮಾನಿಸಿ. ಎಣ್ಣೆ ಸುರಿದು, ಪಿಸ್ಟನ್ ಮುಳುಗಿಸಿ, ಸಣ್ಣ ಸಣ್ಣ ಎಳೆತದಲ್ಲಿ ಇಪ್ಪತ್ತು ಸಲ ಮೇಲೆ ಕೆಳಗೆ ಆಡಿಸಿ. ಪಿಸ್ಟನ್ ಎಣ್ಣೆಯ ಮಟ್ಟಕ್ಕಿಂತ ಮೇಲೆ ಬಂದರೆ ಮತ್ತೆ ಗಾಳಿ ಹೀರುತ್ತದೆ. ಮೈಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿ, ಐದು ನಿಮಿಷ ಬಿಟ್ಟು, ಗುಳ್ಳೆ ನಿಂತ ಮೇಲೆ ಕಂಠದವರೆಗೆ ತುಂಬಿ ಎಣ್ಣೆ ಉಕ್ಕುವಂತೆ ಸೀಲ್ ಹೆಡ್ ಇಳಿಸಿ. ದಂಡ ಪೂರ್ತಿ ಚಾಚಿದ ಸ್ಥಿತಿಯಲ್ಲಿ ನೈಟ್ರೋಜನ್ ತುಂಬಿ. ಇಂಥ ಶಾಕ್‌ಗಳಿಗೆ 200 ಪಿಎಸ್‌ಐ ಸಾಮಾನ್ಯ, ನಿಮ್ಮದಕ್ಕೆ ಬೇರೆ ಹೇಳಿದ್ದರೆ ಅದು. ಸೈಕಲ್ ಅಂಗಡಿಯ ಗಾಳಿ ತುಂಬಬೇಡಿ, ಅದರಲ್ಲಿನ ತೇವ ಚಳಿಯಲ್ಲಿ ವಾಲ್ವ್‌ನಲ್ಲೇ ಹೆಪ್ಪುಗಟ್ಟುತ್ತದೆ. ರಾತ್ರಿಯಿಡೀ ಕಾಗದದ ಮೇಲೆ ದಂಡ ಕೆಳಮುಖವಾಗಿ ನಿಲ್ಲಿಸಿ, ಬೆಳಿಗ್ಗೆ ಕಾಗದ ಒಣಗಿದ್ದರೆ ಗಾಡಿಗೆ ಹಾಕಿ.

ದುಡ್ಡು ಯಾವುದಕ್ಕೆ ಮೊದಲು

ಕಾರ್ಬೈಡ್ ಮತ್ತು ಸ್ಕೀ ಮೊದಲು. ಆಮೇಲೆ ತೂಕಕ್ಕೆ ಹೊಂದುವ ಸ್ಪ್ರಿಂಗ್. ಮೂರನೆಯದು ಇರುವ ಶಾಕನ್ನೇ ನಿಮ್ಮ ತೂಕಕ್ಕೆ, ಓಟದ ರೀತಿಗೆ ತಕ್ಕಂತೆ ವಾಲ್ವಿಂಗ್ ಬದಲಿಸಿ ಕಟ್ಟಿಸುವುದು. ಹೊಸ ಶಾಕ್ ಕೊನೆಗೆ. ಕೊಳ್ಳುವುದೇ ಆದರೆ ನಡು ಶಾಕಿನಿಂದ ಶುರು ಮಾಡಿ, ಅತಿ ಹೆಚ್ಚು ಪೆಟ್ಟು ತಿನ್ನುವುದು ಅದೇ, ಹೆಚ್ಚಿನ ಗಾಡಿಗಳಲ್ಲಿ ಕಂಪನಿ ಕಂಜೂಸಿ ಮಾಡಿರುವುದೂ ಅಲ್ಲೇ.

ಗಾಳಿಯನ್ನೇ ಸ್ಪ್ರಿಂಗ್ ಮಾಡಿಕೊಂಡ ಶಾಕ್ ಹಾಕಿಸಿದವರು ಬೆಚ್ಚಗಿನ ಗ್ಯಾರೇಜಿನಲ್ಲಿ ಒತ್ತಡ ಕಟ್ಟಿ ಹೊರಗೆ ಹೋಗಬಾರದು. 20 ಡಿಗ್ರಿಯಲ್ಲಿ 70 ಪಿಎಸ್‌ಐ ತುಂಬಿದ ಶಾಕ್ ಮೈನಸ್ 20 ಡಿಗ್ರಿಗೆ ತಣಿದಾಗ 58ರ ಆಸುಪಾಸಿಗೆ ಇಳಿಯುತ್ತದೆ, ಸ್ಕೀ ಒತ್ತಡ ಅಷ್ಟೂ ಕಡಿಮೆ. ಗಾಡಿಯನ್ನು ಒಂದು ಗಂಟೆ ಹೊರಗೆ ನಿಲ್ಲಿಸಿ, ಮುಂಭಾಗ ಎತ್ತಿ ಸ್ಕೀ ನೆಲಬಿಟ್ಟಿರುವಾಗ ತುಂಬಿ. ಪಂಪ್ ಸಿಕ್ಕಿಸಿದಾಗ ಸ್ವಲ್ಪ ಗಾಳಿ ಅದರ ಕೊಳವೆಗೆ ಹೋಗುತ್ತದೆ, ಆದ್ದರಿಂದ ಮೊದಲ ಓದು ಯಾವಾಗಲೂ ಕಡಿಮೆಯೇ ಬರುತ್ತದೆ. ಅದನ್ನು ಸೋರಿಕೆ ಎಂದುಕೊಂಡು ಸೀಲ್ ಕಿಟ್ ತರಿಸಬೇಡಿ. ಮೊದಲ 80 ಕಿ.ಮೀ. ಓಡಿದ ಮೇಲೆ ಸ್ಕಿಡ್‌ನ ನಾಲ್ಕು ಬೋಲ್ಟ್, ಟೈ ರಾಡಿನ ಲಾಕ್ ನಟ್ಟು, ಟ್ರ್ಯಾಕ್ ಬಿಗಿ ಇನ್ನೊಮ್ಮೆ ನೋಡಿ.